ಗೋಯ್ದಪ್ಪನ ಕಲ್ಮರಿಗೆಯ ಹಾವುಮೀನು

ಹಾವಲ್ಲ, ಹಾವಲ್ಲ ಅಂತ ಇನ್ನೆಷ್ಟು ಸಲ ಹೇಳ್ಬೇಕು ನಿಮಗೆ? ಬಂದವರೆಲ್ಲ ಇದನ್ನೇ ಕೇಳ್ತಾರೆ. ಮನೆಯಲ್ಲಿ ಹಾವು ಸಾಕೋಕೆ ಗೋಯ್ದಪ್ಪನಿಗೇನು ಹುಚ್ಚೇ? ಅದು ಹಾವುಮೀನು. ಸಮುದ್ರದ ಬಂಡೆ ಸಂದಿಯಲ್ಲಿ ಮೈಯೆಲ್ಲ ಅಡಗಿಸಿ, ಮೂತಿ ಒಂದನ್ನೇ ಹೊರಗಿಟ್ಟುಕೊಂಡು, ದಿನವಿಡೀ ಬಾಯಿ ತೆಗೆದು ಮುಚ್ಚಿ, ತೆಗೆದು ಮುಚ್ಚಿ ಮಾಡ್ತಾ ಇರುತ್ತಲ್ಲ, ಅದು. ಬಾಯಿ ತುಂಬ ಹಲ್ಲು. ಬಲೆಗೆ ಬಿದ್ರೆ ನಮ್ಮವರು ಕೋಲಲ್ಲಿ ಎತ್ತಿ ದೂರ ಎಸೀತಾರೆ. ಗೋಯ್ದಪ್ಪ ಎಸೀಲಿಲ್ಲ, ಮನೆಗೆ ತಂದ. ಅಷ್ಟೇ. ಸುಮ್ಮನೆ ಕೂತ್ಕೊಳ್ಳಿ, ಮೊದಲಿಂದ ಹೇಳ್ತೀನಿ.

ಬಹಳ ಹಿಂದೆ, ನಮ್ಮ ಹೊಳೆ ಇನ್ನೂ ಆ ಕಡೆ ಗುಡ್ಡದ ಬುಡದಲ್ಲಿ ಸಮುದ್ರ ಸೇರ್ತಿದ್ದ ಕಾಲದಲ್ಲಿ, ಒಂದೂರಿತ್ತಂತೆ. ಆ ಊರಲ್ಲಿ ಒಂದು ಬೇಲಿ. ಬೇಲಿಯ ಈಚೆ ಜಟ್ಟಿಯ ಮನೆ, ಆಚೆ ಗೋಯ್ದಪ್ಪನ ಮನೆ.

ಜಟ್ಟಿ ಅಂದ್ರೆ ದೊಡ್ಡ ದನಿ, ದೊಡ್ಡ ಮೀಸೆ. ಸಂಜೆಯಾದ್ರೆ ಊರಿಗೆ ಊರೇ ಅವನ ಜಗಲಿಯಲ್ಲಿ. ಅವನು ಹಿಡಿದ ತಾಟೆ ಮೀನಿನ ಕಥೆ ಹೇಳ್ತಿದ್ದ. ಹೇಳಿದ ಹಾಗೆಲ್ಲ ಆ ತಾಟೆ ಒಂದೊಂದು ಗೇಣು ಬೆಳೀತಿತ್ತು. ಕೊನೆಗೆ ಅದು ಅವನ ದೋಣಿಗಿಂತ ಉದ್ದವಾಯ್ತು, ಆದರೂ ಯಾರೂ ಏನೂ ಅನ್ನಲಿಲ್ಲ. ಯಾಕಂದ್ರೆ ನೂಲ ಹುಣ್ಣಿಮೆ ದಿನ ಸಮುದ್ರಕ್ಕೆ ಮೊದಲ ತೆಂಗಿನಕಾಯಿ ಎಸೆಯೋನು ಅವನೇ. ಅವನಪ್ಪನೂ ಎಸೆದವನು, ಅವನಜ್ಜನೂ ಎಸೆದವನು. ಆ ಕಾಯಿ ಬೀಳದೆ ಒಂದು ದೋಣಿಯೂ ನೀರಿಗಿಳೀತಿರಲಿಲ್ಲ. ಹಾಗಂತಾರೆ.

ಗೋಯ್ದಪ್ಪ ಅಂದ್ರೆ ಮಾತೇ ಇಲ್ಲ. ದಿನಕ್ಕೆ ನಾಲ್ಕು ಮಾತಾಡಿದ್ರೆ ಅದರಲ್ಲಿ ಮೂರು ಕೆಮ್ಮು.

ಈ ಗೋಯ್ದಪ್ಪ ಹಾವುಮೀನು ತಂದು ಹಿತ್ತಲಿನ ಕಲ್ಮರಿಗೆಯಲ್ಲಿ ಬಿಟ್ಟ. ಎಮ್ಮೆಗೆ ನೀರು ಕುಡಿಸ್ತಿದ್ದ ದೊಡ್ಡ ಕಲ್ಲು ತೊಟ್ಟಿ ಅದು. ಒಳಗೆ ಒಂದು ಒಡೆದ ಮಡಿಕೆ ಮಲಗಿಸಿದ, ಅದೇ ಮೀನಿನ ಬಿಲ. ಮೇಲೆ ಹಲಗೆ, ಹಲಗೆಯ ಮೇಲೆ ಗುಂಡುಕಲ್ಲು. ಸಣ್ಣ ಸಂದಿ ಸಿಕ್ಕಿದರೂ ನುಸುಳಿ ಹೊರಡುವ ಜಾತಿ ಅದು. ದಿನಾ ಭರತದ ಹೊತ್ತಿಗೆ, ಸಮುದ್ರ ಏರಿ ಹೊಳೆಯೊಳಗೆ ಬಂದಾಗ, ಹನ್ನೆರಡು ಕೊಡ ಉಪ್ಪುನೀರು ಹೊತ್ತು ತಂದು ಹಳೇ ನೀರು ಬದಲಾಯಿಸ್ತಿದ್ದ. ಇಳಿತದಲ್ಲಿ ತರೋ ಹಾಗಿಲ್ಲ, ಆಗ ಹೊಳೆಯ ಸಪ್ಪೆ ನೀರು ಬರುತ್ತೆ, ಅದರಲ್ಲಿ ಈ ಮೀನು ಬದುಕೋಲ್ಲ. ಬಿದಿರುಕಡ್ಡಿಯ ತುದಿಗೆ ಏಡಿ ಸಿಗಿಸಿ ತಿನ್ನಿಸ್ತಿದ್ದ. ತಿಂದಾದ ಮೇಲೆ ಅದರ ಮುಂದೆ ಕೂತ್ಕೊಂಡು ಕೆಮ್ಮುತ್ತಿದ್ದ.

ಮೊದಲು ಒಬ್ಬಳು ಮುದುಕಿ ನೋಡೋಕೆ ಬಂದಳಂತೆ. ಸೊಸೆಯ ಮೇಲಿನ ದೂರು ಹೇಳ್ಕೊಂಡಳು. ಮೀನು ಬಾಯಿ ತೆಗೀತು, ಮುಚ್ಚಿತು. ಮುದುಕಿ ಇನ್ನಷ್ಟು ಹೇಳಿದಳು. ತೆಗೀತು, ಮುಚ್ಚಿತು. ನಡುವೆ ಬಾಯಿ ಹಾಕದೆ ಇಷ್ಟು ಹೊತ್ತು ತನ್ನ ಮಾತು ಕೇಳಿದ ಜೀವ ಈ ಭೂಮಿ ಮೇಲೆ ಇನ್ನೊಂದಿಲ್ಲ ಅಂತ ಅವಳು ಊರೆಲ್ಲ ಹೇಳ್ಕೊಂಡು ಬಂದಳು. ಮರುದಿನ ಸೊಸೆಯೂ ಬಂದಳು. ಆಮೇಲೆ ಸಾಲು ಹತ್ತಿತು. ಅದರ ಮುಂದೆ ಅತ್ತು ಹೋದವರಿಗೆ ಜ್ವರ ಬಿಟ್ಟಿತಂತೆ, ನಿದ್ದೆ ಬಂತಂತೆ. ಹೊಳೆಯಾಚೆಯವರೂ ದೋಣಿ ಹತ್ತಿ ಬಂದರಂತೆ. ಹಾಗಂತಾರೆ.

ಜಟ್ಟಿಯ ಜಗಲಿ ಖಾಲಿ. ಒಂದು ಸಂಜೆ ಅವನು ತಾಟೆ ಮೀನಿನ ಕಥೆಯನ್ನ ಎತ್ತರದ ದನಿಯಲ್ಲಿ ಶುರುಮಾಡಿದ, ಎದುರಿಗಿದ್ದದ್ದು ಒಂದು ನಾಯಿ. ತಾಟೆ ಬಾಲ ಬಡಿಯೋ ಜಾಗಕ್ಕೆ ಬಂದಾಗ ಆ ನಾಯಿಯೂ ಎದ್ದು ಬೇಲಿ ನುಸುಳಿ ಆಚೆ ಹೋಯ್ತು. ಜಟ್ಟಿ ಮೀಸೆ ತಿರುವಿ ಬೇಲಿ ಕಡೆ ನೋಡಿದ. ಹೆಂಡತಿ ತುಳಸುವನ್ನ ಕರೆದ. ಅವಳೂ ಬೇಲಿಯಾಚೆ.

ಇದನ್ನೂ ಸಹಿಸ್ಕೋಬಹುದಿತ್ತು. ಆದರೆ ಆ ವರ್ಷ ಊರಿನ ಹಿರಿಯ, ಬುಧವಂತ ಅಂತಾರಲ್ಲ, ಅವನು ಸುಮ್ಮನೆ ಒಂದು ಮಾತು ತೇಲಿಬಿಟ್ಟ: ಸಮುದ್ರದ ಜೀವ ಗೋಯ್ದಪ್ಪನ ಮಾತು ಕೇಳುತ್ತೆ, ಈ ಸಲ ಮೊದಲ ಕಾಯಿ ಅವನ ಕೈಯಿಂದ ಬಿದ್ರೆ ಹೇಗೆ? ಜಟ್ಟಿ ರಾತ್ರಿಯೆಲ್ಲ ಜಗಲಿಯಲ್ಲಿ ಅತ್ತಿಂದಿತ್ತ ನಡೆದ. ಮೂರು ತಲೆಮಾರಿನ ಕಾಯಿ, ಮೂರು ಗೇಣಿನ ಮೀನಿನ ಪಾಲಾಗೋದೇ?

ಹುಣ್ಣಿಮೆಗೆ ಎಂಟು ದಿನ ಇದ್ದಾಗ ಗೋಯ್ದಪ್ಪನ ಅಕ್ಕನಿಗೆ ಹುಷಾರಿಲ್ಲ ಅಂತ ಸುದ್ದಿ ಬಂತು. ಅವನು ಹೊರಡೋವಾಗ ಬೇಲಿ ಹತ್ರ ನಿಂತು ಹೇಳಿದ, "ಜಟ್ಟಿಯಣ್ಣ, ಎರಡು ದಿನ ನೀರು ನೋಡ್ಕೋ ಮಾರಾಯ. ನಿನ್ನ ಬಿಟ್ಟು ಯಾರನ್ನ ನಂಬ್ಲಿ?" ಅಷ್ಟು ಉದ್ದ ಮಾತು ಅವನು ಅದುವರೆಗೆ ಆಡಿದ್ದನ್ನ ಯಾರೂ ಕೇಳಿರಲಿಲ್ಲ.

ಜಟ್ಟಿ ನೀರು ನೋಡ್ಕೊಂಡ. ಭರತ ಇಳಿಯೋವರೆಗೆ ಕಾದು ಕೂತ. ಪೂರ್ತಿ ಇಳಿತವಾದ ಮೇಲೆ ಹನ್ನೆರಡು ಕೊಡ ಸಪ್ಪೆ ನೀರು ಹೊತ್ತು ತಂದು ಮರಿಗೆ ತುಂಬಿಸಿದ. ಕೊಡ ಹೊತ್ತು ಅಭ್ಯಾಸವಿಲ್ಲ, ಸೊಂಟ ಹಿಡೀತು. ಸೊಂಟ ಉಜ್ಜಿಕೊಳ್ತಾ ಮನೆಗೆ ಬಂದ. ಹಲಗೆಯ ಮೇಲೆ ಗುಂಡುಕಲ್ಲು ಇಡೋದು ಮರೆತ.

ಬೆಳಿಗ್ಗೆ ಹೋಗಿ ನೋಡಿದ್ರೆ ಮರಿಗೆ ಬರಿದು. ಹದ್ದೋ ಬೆಕ್ಕೋ ಹೊತ್ಕೊಂಡು ಹೋಯ್ತು ಅಂದ್ಕೊಂಡು, ಹಗುರಾಗಿ ಮನೆಗೆ ಬಂದ. ಖುಷಿಗೆ ಏಡಿ ಸಾರು ಉಣ್ಣೋಣ ಅನ್ನಿಸ್ತು. ಅವನ ಅಡುಗೆಮನೆ ಹಿಂದೆ ಒಂದು ಮಣ್ಣಿನ ಗುಡಾಣ, ಅದರಲ್ಲಿ ಉಪ್ಪುನೀರು ಹಾಕಿ ಜೀವಂತ ಏಡಿ ಇಟ್ಟಿರ್ತಿದ್ದ. ಕೈ ಹಾಕಿದ.

ಏಡಿ ಒಂದೂ ಇರಲಿಲ್ಲ. ಏಡಿ ತಿಂದವನಿದ್ದ.

ಸಪ್ಪೆ ನೀರು ಹಿಡಿಸದೆ ಹಲಗೆ ತಳ್ಳಿ, ಏಡಿಯ ವಾಸನೆ ಹಿಡಿದು, ಒದ್ದೆ ಹುಲ್ಲಲ್ಲಿ ಹರಿದು, ಬಚ್ಚಲ ತೂಬಿನಿಂದ ಒಳಗೆ ಬಂದಿತ್ತು ಅದು. ಜಟ್ಟಿಯ ತೋರುಬೆರಳು ಕಚ್ಚಿದ್ದು ಬಿಡಲೊಲ್ಲದು. ಅವನು ಕೂಗೋ ಹಾಗೂ ಇಲ್ಲ. ಕೂಗಿದ್ರೆ ಊರು ಬರುತ್ತೆ, ಊರು ಬಂದ್ರೆ ಗೋಯ್ದಪ್ಪನ ಮೀನು ಕದ್ದವನು ಜಟ್ಟಿ. ಬಾಯಿ ತೆಗೆದ, ಮುಚ್ಚಿದ. ತೆಗೆದ, ಮುಚ್ಚಿದ. ಮರಿಗೆಯಲ್ಲಿ ಆ ಮೀನು ಆಡ್ತಿದ್ದ ಅದೇ ಆಟ.

ಕೊಂದುಬಿಡಬಹುದಿತ್ತು. ಕೋಲೂ ತಂದ. ಆದರೆ ಬೆರಳು ಬಿಟ್ಟ ಮೇಲೆ ಅದು ಗುಡಾಣದ ಅಂಚಿಗೆ ಗದ್ದ ಇಟ್ಟು ಅವನನ್ನೇ ನೋಡ್ತಾ ಕೂತಿತ್ತಂತೆ. ಜಟ್ಟಿ ಕೋಲು ಕೆಳಗಿಟ್ಟು, ಕೇಳೋರು ಸಿಕ್ಕಿ ಬಹಳ ದಿನ ಆಗಿತ್ತಲ್ಲ, ತಾಟೆ ಮೀನಿನ ಕಥೆ ಶುರುಮಾಡಿದ. ಅದು ಪೂರ್ತಿ ಕೇಳಿತು. ಹಾಗಂತಾರೆ.

ಗೋಯ್ದಪ್ಪ ಬಂದ, ಬರಿದಾದ ಮರಿಗೆ ನೋಡಿದ, ಅದರ ಪಕ್ಕ ಕೂತ. ಜಟ್ಟಿ ಹದ್ದಿನ ಕಥೆ ಹೇಳಿದ. ಊರಿಗೆ ಊರೇ ಸಮಾಧಾನ ಹೇಳೋಕೆ ಗೋಯ್ದಪ್ಪನ ಮನೆಗೆ ಬಂತು. ಮೀನು ಇದ್ದಾಗ ಬಂದದ್ದಕ್ಕಿಂತ ಹೆಚ್ಚು ಜನ ಮೀನು ಹೋದ ಮೇಲೆ ಬಂದರು. ಜಟ್ಟಿ ಬೇಲಿ ಸಂದಿಯಿಂದ ತಲೆ ಎಣಿಸಿದ. ಮೀನಿರೋದು ನನ್ನ ಮನೆಯಲ್ಲಿ, ಜನ ಇರೋದು ಅವನ ಮನೆಯಲ್ಲಿ ಅಂತ ಹಲ್ಲು ಕಡಿದ.

ಏಳು ದಿನ ಭರತದ ಹೊತ್ತಿಗೆ ಕದ್ದು ಕೊಡ ಹೊತ್ತ. ಕದ್ದು ಏಡಿ ಹಿಡಿದ. ತಾಯಿ ಮಗುವನ್ನ ಕೇಳೋ ಹಾಗೆ ಗುಡಾಣದೊಳಗೆ ಬಗ್ಗಿ ಉಂಡ್ಯಾ, ಉಂಡ್ಯಾ ಅಂತ ಕೇಳ್ತಿದ್ದ. ಬೆರಳಿಗೆ ಅರಿಸಿನದ ಬಟ್ಟೆ ಸುತ್ತಿದ್ದ, ಕೇಳಿದವರಿಗೆ ಏಡಿ ಕಚ್ಚಿತು ಅಂದ.

ಹುಣ್ಣಿಮೆ ಬಂತು. ದಂಡೆ ತುಂಬ ಜನ. ಬುಧವಂತ ಕಾಯಿಯನ್ನ ಗೋಯ್ದಪ್ಪನ ಕಡೆ ಚಾಚಿದ. ಗೋಯ್ದಪ್ಪ ತಲೆಯಾಡಿಸಿದ. ಒಂದು ಮೀನು ಕಾಯೋಕೆ ಆಗದವನು ಸಮುದ್ರಕ್ಕೆ ಯಾವ ಮುಖ ತೋರಿಸ್ಲಿ, ಜಟ್ಟಿಯಣ್ಣನೇ ಎಸೀಲಿ ಅಂದ. ಅಂದು ತಾನೇ ಕಾಯಿ ಇಸ್ಕೊಂಡು ಜಟ್ಟಿಯ ಮುಂದೆ ಹಿಡಿದ.

ಬರಿಗೈಯಲ್ಲಿ ಹಿಡೀಬೇಕು ಅಂತ ಕ್ರಮ. ಜಟ್ಟಿ ಬಟ್ಟೆ ಬಿಚ್ಚಿ ಕೈ ತೊಳೆದು ಚಾಚಿದ. ಗೋಯ್ದಪ್ಪನ ಕಣ್ಣು ಬೆರಳಿನ ಮೇಲೆ ಬಿತ್ತು. ಸೂಜಿ ಚುಚ್ಚಿದ ಹಾಗೆ ಸಾಲು ಸಾಲು ಹಲ್ಲಿನ ಗುರುತು. ಏಡಿಗೆಲ್ಲಿ ಹಲ್ಲು? ಗೋಯ್ದಪ್ಪ ಬಯ್ಯಲಿಲ್ಲ, ಕೂಗಲಿಲ್ಲ. ಮೆಲ್ಲಗೆ ಕೇಳಿದ, "ಉಂಡ್ತಾ ಅದು?"

ಜಟ್ಟಿಯ ಬಾಯಿ ತಾನೇ ತೆರೀತು. "ಬೆಳಿಗ್ಗೆ ಎರಡು ಏಡಿ ತಿಂತು."

ಅವನ ದನಿ ದೊಡ್ಡದಲ್ವಾ, ಇಡೀ ದಂಡೆಗೆ ಕೇಳಿಸ್ತು. ಜಟ್ಟಿ ಮರಳಲ್ಲಿ ಕೂತುಬಿಟ್ಟ. ಇಳಿತದ ನೀರು ತಂದದ್ದು, ಕಲ್ಲಿಡೋದು ಮರೆತದ್ದು, ಗುಡಾಣ, ಎಲ್ಲ ಹೇಳಿದ. ಆ ಒಂದು ಕಥೆಗೆ ಮಾತ್ರ ಅವನು ಒಂದು ಗೇಣೂ ಸೇರಿಸಲಿಲ್ಲ. ಕೊನೆಗೆ ಕಾಯಿ ನೀನೇ ಎಸಿ ತಮ್ಮ, ನನಗೆ ಯೋಗ್ಯತೆ ಇಲ್ಲ ಅಂದ. ಗೋಯ್ದಪ್ಪ ಅಂದ, "ಏಳು ದಿನ ಬದುಕಿಸಿದ್ಯಲ್ಲ, ನೀನೇ ಎಸಿ." ನೀನು, ನೀನು ಅಂತ ಕಾಯಿ ಆ ಕೈಗೆ ಈ ಕೈಗೆ ಹೋಯ್ತು. ಭರತ ತಿರುಗೋ ಹೊತ್ತಾಯ್ತು ಅಂತ ಬುಧವಂತ ಗದರಿದ. ಇಬ್ಬರೂ ಒಟ್ಟಿಗೆ ಹಿಡಿದು ಎಸೆದರು. ಎಸೆದ ರಭಸಕ್ಕೆ ಕಾಯಿ ಮುಂದೆ ಹೋಗದೆ ಮೇಲೆ ಹೋಗಿ, ಬುಧವಂತನ ಛತ್ರಿ ತೂತು ಮಾಡಿ, ಅವನ ಹೆಗಲು ತಟ್ಟಿ, ಉರುಳಿಕೊಂಡು ನೀರಿಗೆ ಹೋಯ್ತು. ಆ ವರ್ಷ ಬಂದಷ್ಟು ಮೀನು ಯಾವ ವರ್ಷವೂ ಬರಲಿಲ್ಲ. ಹಾಗಂತಾರೆ.

ಮೀನು ಕಲ್ಮರಿಗೆಗೆ ವಾಪಸ್ ಹೋಯ್ತು, ಗೋಯ್ದಪ್ಪನ ಕೆಮ್ಮು ಕೇಳ್ತಾ ಇನ್ನೂ ಹತ್ತು ವರ್ಷ ಇತ್ತು ಅಂತಾರೆ. ಇವತ್ತಿಗೂ ಆ ಊರಲ್ಲಿ ಮೊದಲ ಕಾಯಿ ಒಬ್ಬರು ಎಸೆಯೋದಿಲ್ಲ. ವರ್ಷವೆಲ್ಲ ಮಾತು ಬಿಟ್ಟ ಇಬ್ಬರನ್ನ ಹುಡುಕಿ ತಂದು ನಿಲ್ಲಿಸ್ತಾರೆ. ಒಬ್ಬ "ಉಂಡ್ತಾ?" ಅಂತ ಕೇಳ್ಬೇಕು, ಇನ್ನೊಬ್ಬ "ಎರಡು ಏಡಿ" ಅನ್ಬೇಕು, ಆಮೇಲೆ ಇಬ್ಬರೂ ಸೇರಿ ಎಸೀಬೇಕು. ಬುಧವಂತ ಮಾತ್ರ ದೂರ ನಿಲ್ತಾನೆ.

ಆ ಹುಣ್ಣಿಮೆಯ ಸಂಜೆ ಜಟ್ಟಿ ಮನೆಗೆ ಬಂದ. ಖಾಲಿ ಗುಡಾಣದ ಹತ್ರ ಸ್ವಲ್ಪ ಹೊತ್ತು ನಿಂತ. ತುಳಸು ಅವನ ಬೆರಳಿಗೆ ಹೊಸ ಬಟ್ಟೆ ಸುತ್ತಿ, ಬಿಗಿಯಾಗಿ ಗಂಟು ಹಾಕಿ ಹೇಳಿದಳಂತೆ:

"ಏಳು ದಿನ ಗುಡಾಣದೊಳಗೆ ಬಗ್ಗಿ ಉಂಡ್ಯಾ, ಉಂಡ್ಯಾ ಅಂತ ಕೇಳಿದ್ರಿ. ಗೋಡೆಯ ಈಚೆ ನಾನು ಹದಿನೆಂಟು ವರ್ಷದಿಂದ ಉಣ್ತಾ ಇದ್ದೇನೆ."