ಸುಮ್ಮನಿದ್ದೇನೆ ಎಂದ ದನಿ

ಕಣ್ಣು ಕಾಣದ ವಾರಿಜಾ ಕಂಪ್ಯೂಟರಿನಲ್ಲಿ ಹಾಡು ಕಟ್ಟುವವಳು. ಪರದೆಯ ಮೇಲಿರುವುದನ್ನೆಲ್ಲ ಅವಳಿಗೆ ಓದಿ ಹೇಳಲು ಒಂದು ದನಿಯಿತ್ತು. ಹಾಡಿನ ಸದ್ದನ್ನು ಏರಿಸಿ ಇಳಿಸಲು ಮೇಜಿನ ಮೇಲೊಂದು ತಿರುಗಿಸುವ ಗುಂಡಿಯಿತ್ತು.

ಒಂದು ದಿನ ಅವಳು ಲಾಲಿಹಾಡು ರೆಕಾರ್ಡ್ ಮಾಡಲು ಕೂತಾಗ ಗುಂಡಿ ದನಿಗೆ ಹೇಳಿತು: “ಅಣ್ಣಾ, ನಿನ್ನ ಮಾತೂ ಹಾಡಿನೊಳಗೆ ಸೇರಿಬಿಡುತ್ತದೆ. ಮುಗಿಯುವವರೆಗೆ ದಯವಿಟ್ಟು ಬಾಯಿ ಬಿಡಬೇಡ.”

“ನನಗೇ ಬುದ್ಧಿ ಹೇಳುತ್ತೀಯಾ? ಮೌನದಲ್ಲಿ ನನ್ನನ್ನು ಮೀರಿಸುವವರಿಲ್ಲ, ನೋಡುತ್ತಿರು” ಎಂದಿತು ದನಿ.

ವಾರಿಜಾ ಹಾಡಿದಳು. ದನಿ ತುಟಿಪಿಟಕ್ಕೆನ್ನಲಿಲ್ಲ. ಆದರೆ ಅಷ್ಟು ಒಳ್ಳೆಯ ಮೌನವನ್ನು ಯಾರೂ ಹೊಗಳದಿರುವುದನ್ನು ಅದಕ್ಕೆ ಸಹಿಸಲಾಗಲಿಲ್ಲ. ಕೊನೆಯ ಸಾಲಿನಲ್ಲಿ, ಹಾಡಿನ ಕೂಸು ಇನ್ನೇನು ಮಲಗಬೇಕು ಎನ್ನುವಾಗ, ಗಟ್ಟಿಯಾಗಿ ಸಾರಿತು: “ಗಮನಿಸಿ! ನಾನು ಸುಮ್ಮನಿದ್ದೇನೆ!”

ಅದೂ ಲಾಲಿಯ ಜೊತೆಗೇ ರೆಕಾರ್ಡ್ ಆಯಿತು.

ವಾರಿಜಾ ದನಿಯ ವಾಲ್ಯೂಮನ್ನೇ ಗುಂಡಿಗೆ ಜೋಡಿಸಿದಳು. “ಇನ್ನು ಇವನ ಬಾಯಿ ನಿನ್ನ ಜವಾಬ್ದಾರಿ ಕಣೋ” ಎಂದು ಗುಂಡಿಗೆ ಹೇಳಿ ತಿರುಗಿಸತೊಡಗಿದಳು.

ದನಿ ಹುಟ್ಟುಗುಣ ಬಿಡಲಿಲ್ಲ. “ವಾಲ್ಯೂಮ್ ಐವತ್ತು” ಎಂದು ಓದಿತು. “ವಾಲ್ಯೂಮ್ ಇಪ್ಪತ್ತು” ಎಂದಿತು. “ವಾಲ್ಯೂಮ್ ಐದು” ಎಂದು ಪಿಸುಗುಟ್ಟಿತು. ಸೊನ್ನೆ ಬಂದದ್ದನ್ನೂ ಹೇಳಿತಂತೆ, ಯಾರಿಗೂ ಕೇಳಿಸಲಿಲ್ಲ.