ಬೈದರೆ ಹಾರುವ ಬ್ಯಾಟರಿ

ಈ ಕತೆ ಸುಳ್ಳು ಅನ್ನೋರು ಈಗಲೇ ಎದ್ದು ನಿಲ್ಲಿ. ನಿಂತಿರಾ? ಹಾಗೇ ನಿಂತಿರಿ. ಕತೆ ಕೂತವರಿಗೆ ಮಾತ್ರ.

ನಾನು ಬೋರೆದೊಡ್ಡಿಯ ಜವರೇಶ. ನಮ್ಮ ಕಡೆ ಡ್ರೋನ್ ಹಾರಿಸಿದವರಲ್ಲಿ ಮೊದಲನೆಯವನು ನಾನು, ಕೊನೆಯವನೂ ನಾನು, ನಡುವೆ ಇರೋನೂ ನಾನೇ. ನಾನು ಹಾರಿಸುವಾಗ ಹದ್ದುಗಳು ಮರದ ಮೇಲೆ ಸಾಲಾಗಿ ಕೂತು ನೋಡಿ ಕಲಿಯುತ್ತವೆ. ಇದನ್ನೂ ನಂಬದವನು ಹದ್ದನ್ನೇ ಹೋಗಿ ಕೇಳಲಿ.

ಒಂದಾನೊಂದು ಊರಿನಲ್ಲಿ, ಎರಡಾನೆರಡು ಊರಿನಲ್ಲಲ್ಲ, ಒಂದೇ ಊರಿನಲ್ಲಿ, ಒಬ್ಬ ರಾಜನಿದ್ದ. ಹೆಸರು ಮುಕ್ಕಾಲುವೀರರಾಜ. ಅವನ ರಾಜ್ಯಕ್ಕೆಲ್ಲ ಒಂದೇ ಕಾನೂನು. ರಾಜನ ತಲೆಗಿಂತ ಮೇಲೆ ಯಾರ ತಲೆಯೂ ಇರಕೂಡದು.

ರಾಜ ಗಿಡ್ಡ. ಹಾಗಾಗಿ ಊರೇ ಬಗ್ಗಿ ನಡೆಯುತ್ತಿತ್ತು. ರಾಜ ನಿಂತರೆ ಜನ ಕೂರುತ್ತಿದ್ದರು. ರಾಜ ಕೂತರೆ ಜನ ಮಲಗುತ್ತಿದ್ದರು. ರಾಜ ಮಲಗಿದರೆ ಜನವೆಲ್ಲ ರಾಗಿ ತುಂಬುವ ಹಗೇವಿನೊಳಕ್ಕೆ ಇಳಿಯುತ್ತಿದ್ದರು. ಕಾಗೆಗಳು ಆ ಊರಿನ ಗಡಿ ಬಂದ ಕೂಡಲೇ ಕೆಳಗಿಳಿದು, ನಡೆದುಕೊಂಡು ಊರು ದಾಟಿ, ಆಚೆ ಗಡಿಯಲ್ಲಿ ಮತ್ತೆ ಹಾರುತ್ತಿದ್ದವು. ರಾಜನಿಗೆ ಕ್ಷೌರ ಮಾಡುವವನು ಗುಂಡಿಯಲ್ಲಿ ನಿಂತು ಅಂದಾಜಿನ ಮೇಲೆ ಕತ್ತರಿ ಆಡಿಸುತ್ತಿದ್ದ. ರಾಜನ ನೆತ್ತಿಯನ್ನು ಕಂಡವರು ಯಾರೂ ಇಲ್ಲ. ರಾಜನೂ ಕಂಡಿರಲಿಲ್ಲ.

ಹೀಗಿರಲು ಒಂದು ದಿನ ರಾಜನ ಸೋದರತ್ತೆ ದೇವಾಜಮ್ಮಣ್ಣಿ ಹುರಿಗಡಲೆ ತಿನ್ನುತ್ತಾ ಸುಮ್ಮನಿರಲಾರದೆ ಒಂದು ಮಾತು ಆಡಿದಳು.

“ನಮ್ಮ ಮುಕ್ಕಾಲು ಕೂಸಾಗಿದ್ದಾಗ ನೆತ್ತೀಲಿ ಎರಡು ಸುಳಿ ಇದ್ದಂಗಿತ್ತಪ್ಪ.”

ಇಷ್ಟೇ. ಇಷ್ಟೇ ಸಾಕಾಯಿತು. ತಲೆಯಲ್ಲಿ ಎರಡು ಸುಳಿ ಇದ್ದರೆ ಎರಡು ಮದುವೆ ಅಂತ ಹಾಲು ಕುಡಿಯೋ ಮಕ್ಕಳಿಗೂ ಗೊತ್ತು. ರಾಜನಿಗೆ ಆಗಿದ್ದು ಒಂದೇ ಮದುವೆ. ಹಾಗಾದರೆ ಇನ್ನೊಂದು ಎಲ್ಲಿದೆ?

ರಾಣಿ ನಾಗಾಜಮ್ಮಣ್ಣಿ ಎದ್ದಳು. ಸೀರೆಗಳನ್ನೆಲ್ಲ ಟ್ರಂಕಿಗೆ ತುಂಬಿದಳು. ಟ್ರಂಕನ್ನು ಅರಮನೆಯ ಹೆಬ್ಬಾಗಿಲಲ್ಲಿ ಇಟ್ಟು ಅದರ ಮೇಲೆ ಕೂತಳು.

“ಒಂದೋ ಎರಡೋ ಗೊತ್ತಾಗಲಿ. ಎರಡಾದ್ರೆ ನಾನು ತವರಿಗೆ ಹೊರಟೆ. ಗೊತ್ತಾಗೋ ತನಕ ಒಲೆ ಹಚ್ಚಲ್ಲ.”

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಒಲೆ ಹಚ್ಚಲಿಲ್ಲ, ಉಣ್ಣಲಿಲ್ಲ. ಉಣ್ಣಲಿಲ್ಲ, ಮಲಗಲಿಲ್ಲ. ಮಲಗಲಿಲ್ಲ, ಜಗಳ ಮುಗಿಯಲಿಲ್ಲ. ರಾಜ ಹಸಿದು ಸೊರಗಿ ಇನ್ನೂ ಗಿಡ್ಡನಾದ. ಜನ ಇನ್ನೂ ಬಗ್ಗಬೇಕಾಯಿತು. ಇನ್ನೊಂದು ವಾರ ಹೀಗೇ ಹೋದರೆ ಊರೇ ತೆವಳಬೇಕಾಗುತ್ತಿತ್ತು.

“ಕನ್ನಡಿ ಹಿಡಿದು ನೋಡೋಣ” ಅಂದ ರಾಜ.

“ಕನ್ನಡಿಯಲ್ಲಿ ನಮ್ಮ ತಲೆ ಕಾಣಿಸ್ತದೆ ಬುದ್ಧೀ, ತಮ್ಮ ತಲೆಗಿಂತ ಮೇಲೆ” ಅಂದ ಮಂತ್ರಿ ಅಪ್ರಮೇಯಯ್ಯ.

“ನಾನೇ ಬೆರಳಲ್ಲಿ ತಡವಿ ನೋಡ್ಲಾ?”

“ನೋಡಬಹುದು ಬುದ್ಧೀ. ಆದರೆ ತಮ್ಮ ಮಾತನ್ನ ರಾಣಿಯವರು ನಂಬಬೇಕಲ್ಲ?”

ಅದು ನಿಜವಾಗಿತ್ತು. ಯಾವ ಹೆಂಡತಿ ನಂಬುತ್ತಾಳೆ?

ಆಗ ಯಾರೋ ನನ್ನ ಹೆಸರು ಹೇಳಿದರು. ಯಾರೋ ಏನು, ಆ ಊರಿನ ಸಂತೆಯಲ್ಲಿ ನಾನೇ ಹೇಳಿಕೊಂಡಿದ್ದೆ. ಡ್ರೋನು ಮೇಲೆ ಹೋಗಿ ಫೋಟೋ ಹೊಡೆದರೆ ಕಾನೂನು ಮುರಿದಂತಲ್ಲವೇ ಅಂತ ಸಭೆಯಲ್ಲಿ ಚರ್ಚೆಯಾಯಿತು. ಅಪ್ರಮೇಯಯ್ಯ ನನ್ನ ಡ್ರೋನನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದಕ್ಕೆ ರೆಕ್ಕೆ ಇದೆ, ಕಾಲಿದೆ, ಕಣ್ಣಿದೆ. ತಲೆ ಇಲ್ಲ. ತಲೆಯೇ ಇಲ್ಲದ್ದು ತಲೆಗಿಂತ ಮೇಲೆ ಹೋಗೋದು ಹೇಗೆ? ಹಾರಲಿ.”

“ಏನಲಾ ಬೇಕು ನಿನಗೆ?” ಅಂದ ರಾಜ.

“ಅರ್ಧ ರಾಜ್ಯ ಕೊಡಿ ಬುದ್ಧೀ. ನನ್ನ ಕೈಚಳಕಕ್ಕೆ ಅದು ಕಡಿಮೆಯೇ.”

“ಅರ್ಧ ಕೊಟ್ಟರೆ ನಾನು ಅರ್ಧ ರಾಜ. ನನ್ನ ಹೆಂಡ್ತಿ ಅರ್ಧ ರಾಣಿ. ಅದಕ್ಕೂ ಮುನಿಸ್ಕೊಂಡ್ರೆ ಇನ್ನೊಂದು ಟ್ರಂಕು ಎಲ್ಲಿಂದ ತರ್ಲಿ? ಬೇರೆ ಕೇಳು.”

“ಹಂಗಾದ್ರೆ ಆನೆ.”

ನಮ್ಮ ಚಿಕ್ಕಪ್ಪನ ಮಗ ಹೊಸ ಬೈಕು ತಗೊಂಡು ಬೀದಿಯಲ್ಲಿ ಮೆರೆಯುತ್ತಿದ್ದ. ಅವನ ಮನೆ ಮುಂದೆ ಆನೆ ನಿಲ್ಲಿಸಿ, “ಪೆಟ್ರೋಲು ಬೇಡಪ್ಪ ಇದಕ್ಕೆ” ಅನ್ನಬೇಕು. ಅದು ನನ್ನ ಲೆಕ್ಕ.

“ಆನೆ ಕೊಟ್ಟೆ. ಹತ್ತಕೂಡದು, ಎತ್ತರವಾಗ್ತೀಯ. ಪಕ್ಕದಲ್ಲಿ ನಡ್ಕೊಂಡು ಹೋಗ್ಬೇಕು. ಸೋತರೆ?”

“ನಾನು ಸೋಲೋದಾ ಬುದ್ಧೀ!”

“ಸೋತರೆ ನಿನ್ನ ಬಾಯಿ ಅರಮನೇದು. ಸಾಯೋ ತನಕ ನಿನ್ನ ಬಗ್ಗೆ ನೀನು ಒಂದು ಮಾತೂ ಆಡಕೂಡದು.”

ತಲೆ ಕೇಳಿದ್ದರೆ ಕೊಡುತ್ತಿದ್ದೆ. ನನ್ನ ಬಗ್ಗೆ ನಾನು ಆಡದಿದ್ದರೆ ಇನ್ಯಾರು ಆಡುತ್ತಾರೆ? ಆದರೆ ಆನೆ ಅಲ್ಲೇ ಅಂಗಳದ ಗುಂಡಿಯಲ್ಲಿ ಕಟ್ಟಿತ್ತು. ಕಿವಿ ಬೀಸುತ್ತಿತ್ತು. ಒಪ್ಪಿದೆ.

ಒಪ್ಪಿದ ಕ್ಷಣವೇ ಡ್ರೋನಿನ ಹಳೇ ಬ್ಯಾಟರಿ ಪ್ರಾಣ ಬಿಟ್ಟಿತು. ನನ್ನ ತಪ್ಪೇನಿಲ್ಲ. ದಾರಿಯುದ್ದಕ್ಕೂ ಹದ್ದುಗಳಿಗೆ ಪಾಠ ಹೇಳಿದ್ದೆನಲ್ಲ. ರಾಜ ಪೇಟೆಗೆ ಭಟರನ್ನು ಅಟ್ಟಿದ. ಅವರು ಎರಡು ಬ್ಯಾಟರಿ ತಂದು ತಟ್ಟೆಯಲ್ಲಿ ಇಟ್ಟರು.

ಒಂದು ಕಂಪನಿಯದು, ಒರಿಜಿನಲ್. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ರೇಷ್ಮೆಯಂಥ ಕಾಗದ, ಮೈಮೇಲೆ ಹೊಳೆಯುವ ಮುದ್ರೆ. ಇನ್ನೊಂದು ಥರ್ಡ್ ಪಾರ್ಟಿ, ಅಂದರೆ ಬೇರೆ ಯಾರೋ ಮಾಡಿದ್ದು. ರಬ್ಬರ್ ಬ್ಯಾಂಡು ಸುತ್ತಿತ್ತು.

ಒರಿಜಿನಲ್ ಗಂಟಲು ಸರಿಮಾಡಿಕೊಂಡಿತು. “ಮೊದಲು ಅಪ್‌ಡೇಟ್, ನಂತರ ಹಾರಾಟ. ಧೂಳಿನಲ್ಲಿ ಹಾರಾಟವಿಲ್ಲ. ಬಿಸಿಲಿನಲ್ಲಿ ಹಾರಾಟವಿಲ್ಲ. ಅರಮನೆಯ ಮೇಲಂತೂ ಇಲ್ಲವೇ ಇಲ್ಲ.”

“ಮತ್ತೆ ಎಲ್ಲಿ ಹಾರ್ತೀಯಪ್ಪಾ?” ಅಂದೆ.

“ಹಾರುವ ಸಾಮರ್ಥ್ಯ ನನಗಿದೆ. ಅಷ್ಟು ತಿಳಿದರೆ ಸಾಕು.”

ಇನ್ನೊಂದು ಬ್ಯಾಟರಿ ತಟ್ಟೆಯಲ್ಲೇ ಕುಣಿಯಿತು. “ಅಣ್ಣೋ, ಜವರೇಶಣ್ಣೋ! ನಾನು ಎಲ್ಲಿ ಬೇಕಾದ್ರೂ ಹಾರ್ತೀನಿ! ಎಷ್ಟೊತ್ತು ಬೇಕಾದ್ರೂ ಹಾರ್ತೀನಿ! ಅವನಿಗಿಂತ ಮೇಲೆ, ಅವನಪ್ಪನಿಗಿಂತ ಮೇಲೆ! ನನ್ನ ಮೈಮೇಲೆ ಬರೆದಿರೋ ನಂಬರ್ ನೋಡಣ್ಣ, ಅವನದಕ್ಕಿಂತ ದೊಡ್ಡದು!”

ನೋಡಿದೆ. ನಿಜವಾಗಿಯೂ ದೊಡ್ಡದಿತ್ತು. ನನಗೆ ಅದರ ಮಾತು ಹಿಡಿಸಿತು. ಯಾಕೋ ಮನೆಯವರೇ ಮಾತಾಡಿದ ಹಾಗಿತ್ತು. ಅಂಥವರು ಸುಳ್ಳು ಹೇಳಲ್ಲ.

ಆದರೆ ತೀರ್ಪು ಮಂತ್ರಿಯದು. ಅಪ್ರಮೇಯಯ್ಯ ಒರಿಜಿನಲ್ಲನ್ನು ಕೇಳಿದ, “ನಿನ್ನ ಹೆತ್ತೋರು ಯಾರು?”

“ಈ ಡ್ರೋನನ್ನು ಹೆತ್ತ ಕಂಪನಿಯೇ ನನ್ನನ್ನೂ ಹೆತ್ತಿದೆ” ಅಂತ ಅದು ಹೆಮ್ಮೆಯಿಂದ ಹೇಳಿತು.

ಮಂತ್ರಿ ಎರಡೂ ಕಿವಿ ಮುಚ್ಚಿಕೊಂಡ. “ಶಿವ ಶಿವಾ! ಒಂದೇ ಗೋತ್ರ! ಒಡಹುಟ್ಟಿದವರನ್ನ ಜೋಡಿ ಮಾಡೋದೇ? ಈ ಅರಮನೇಲೇ?”

“ಅದಕ್ಕೇ ನಾವು ಹೊಂದುತ್ತೇವೆ” ಅಂದಿತು ಒರಿಜಿನಲ್.

“ಹೊಂದ್ತಾರಂತೆ! ನಾಚಿಕೆ ಬೇಡವೇ! ಡಬ್ಬೀಲಿ ಹಾಕ್ರೋ ಇದನ್ನ!” ಆಮೇಲೆ ಇನ್ನೊಂದರ ಕಡೆ ತಿರುಗಿದ. “ನಿನ್ನದು ಯಾವ ಗೋತ್ರಪ್ಪ?”

“ಗೊತ್ತಿಲ್ಲ ಸ್ವಾಮಿ. ಊರೂ ಗೊತ್ತಿಲ್ಲ.”

“ಗೊತ್ತಿಲ್ಲ ಅಂದರೆ ಬೇರೆ ಗೋತ್ರ. ಕೂಡಾವಳಿ ಬಂತು. ಜೋಡಿ ಮಾಡಿ.”

ಟ್ರಂಕಿನ ಮೇಲಿಂದ ರಾಣಿ ಕೂಗಿದಳು. “ಗಂಡ ಹೆಂಡಿರ ಮಧ್ಯೆ ಮೂರನೇ ಪಾರ್ಟಿ ಯಾಕ್ರೀ?” ಎಲ್ಲರೂ ತಣ್ಣಗಿದ್ದ ಒಲೆಯ ಕಡೆ ನೋಡಿದರು. ಹಸಿವಾಗಿತ್ತು.

ನಾನು ಬ್ಯಾಟರಿಯನ್ನು ಎತ್ತಿಕೊಂಡು ಬೆನ್ನು ತಟ್ಟಿದೆ. “ಭಲೆ ತಮ್ಮ! ನಿನ್ನಂಥೋನು ಇನ್ನೊಬ್ಬನಿಲ್ಲ!”

ಬ್ಯಾಟರಿ ಉಬ್ಬಿತು. ಕಾದ ಎಣ್ಣೆಗೆ ಬಿದ್ದ ಪೂರಿ ಉಬ್ಬಿದ ಹಾಗೆ ಉಬ್ಬಿತು. ಡ್ರೋನಿನ ಹೊಟ್ಟೆಗೆ ತೂರಿಸಿದರೆ ಹೋಗಲೊಲ್ಲದು. “ಹೋಗೋ ನನ್ನ ರಾಜಾ” ಅಂದೆ. ಇನ್ನೂ ಉಬ್ಬಿತು. “ನನ್ನ ಬಂಗಾರ” ಅಂದೆ. ರಬ್ಬರ್ ಬ್ಯಾಂಡು ಪಟ್ ಅಂತ ಹರಿಯಿತು.

“ಥೂ, ಹಂಡೆ ಮೋರೇದೇ!” ಅಂದಳು ರಾಣಿ.

ಬ್ಯಾಟರಿ ಪುಸ್ ಅಂತ ಒಂದು ಬೆರಳು ಇಳಿಯಿತು.

ಮಂತ್ರಿಗೆ ಅರ್ಥವಾಯಿತು. ಹೊಗಳಿದರೆ ಉಬ್ಬುತ್ತದೆ, ಬೈದರೆ ಇಳಿಯುತ್ತದೆ. ಹಾಗಾದರೆ ಬಯ್ಯಬೇಕು. ಹಾರುವಷ್ಟು ಹೊತ್ತೂ ಬಯ್ಯಬೇಕು. ಒಬ್ಬರ ಬಾಯಿ ಸಾಲದು. ಊರಿಗೆಲ್ಲ ಡಂಗುರ ಹೊಡೆಸಿದ. ‘ಕೇಳ್ರಪ್ಪೋ ಕೇಳಿ, ಅರಮನೆ ಅಂಗಳಕ್ಕೆ ಬಂದು ಬೈದು ಹೋಗ್ಬೇಕಂತೆ!’

ಅಂಥ ಜನ ಯಾವ ಜಾತ್ರೆಗೂ ಸೇರಿರಲಿಲ್ಲ.

ರಾಜ ಪೇಟ ತೆಗೆದು ಅಂಗಳದ ನಡುವೆ ಕೂತ. ಜನವೆಲ್ಲ ಸುತ್ತ ಅಂಗಾತ ಮಲಗಿದರು. ನಾನು ಡ್ರೋನು ಎಬ್ಬಿಸಿದೆ. ನಾನು ಎಬ್ಬಿಸಿದ ಮೇಲೆ ಕೇಳಬೇಕೆ? ಮಲ್ಲಿಗೆ ಹೂವು ಗಾಳಿಗೆ ಎದ್ದ ಹಾಗೆ ಎದ್ದಿತು. ನೇರ ರಾಜನ ನೆತ್ತಿಯ ಮೇಲೆ ಹೋಗಿ ನಿಂತಿತು.

“ಬಯ್ರೋ!” ಅಂದ ಮಂತ್ರಿ.

“ಕೂಳಿಗೆ ದಂಡ!” ಅಂದಿತು ಒಂದು ಮೂಲೆ.

“ಭೂಮಿಗೆ ಭಾರ!” ಅಂದಿತು ಇನ್ನೊಂದು ಮೂಲೆ.

“ನಾನು ಭೂಮಿ ಮೇಲಿಲ್ವಲ್ಲ!” ಅಂತ ಬ್ಯಾಟರಿ ಮೇಲಿಂದ ಜಂಬ ಹೊಡೆದು ಸ್ವಲ್ಪ ಉಬ್ಬಿತು. ಜನ ಇನ್ನೂ ಜೋರು ಮಾಡಿದರು.

“ಗಿಡ್ಡ ನನ್ಮಗನೇ!” ಅಂದ ಗಾಣದ ಸಿದ್ದಶೆಟ್ಟಿ. “ನಿನ್ನ ದೆಸೆಯಿಂದ ನನ್ನ ಸೊಂಟ ಮುರೀತಲ್ಲೋ!”

ರಾಜ ಕಣ್ಣು ಬಿಟ್ಟ. “ಬ್ಯಾಟರಿ ಯಾವಾಗಲಾ ನಿನ್ನ ಸೊಂಟ ಮುರೀತು?”

“ಸುಮ್ನಿರಿ ಬುದ್ಧೀ, ಬಯ್ಯೋ ಭರ” ಅಂದ ಮಂತ್ರಿ.

“ತಲೆಯೊಳಗೆ ಏನೂ ಇಲ್ದೋನಿಗೆ ತಲೆ ಮೇಲೇನಿದೆ ಅನ್ನೋ ಚಿಂತೆ!” ಅಂದಳು ಕಡ್ಲೆಪುರಿ ಮಾರುವ ನಂಜವ್ವ. “ಮೊಮ್ಮಗನ್ನ ಹೆಗಲ ಮೇಲೆ ಕೂರಿಸ್ಕೊಂಡು ತೇರು ತೋರ್ಸಕ್ಕಾಗ್ಲಿಲ್ವಲ್ಲೋ, ಪಾಪಿ!”

ಎಲ್ಲರೂ ಮೇಲೆ ನೋಡಿಯೇ ಬಯ್ಯುತ್ತಿದ್ದರು. ಆದರೆ ಬೈಗುಳ ಮೇಲೆ ಹೋಗುವ ದಾರಿಯಲ್ಲಿ ರಾಜ ಕೂತಿದ್ದ. ಪ್ರತಿಯೊಂದೂ ಅವನಿಗೆ ತಾಗಿಕೊಂಡೇ ಹೋಗುತ್ತಿತ್ತು. ರಾಜನ ಮುಖ ಚಿಕ್ಕದಾಯಿತು. ಇನ್ನೂ ಚಿಕ್ಕದಾಯಿತು. ಬ್ಯಾಟರಿ ಮಾತ್ರ ನೆಟ್ಟಗೆ, ಚಪ್ಪಟೆಯಾಗಿ, ಬಲು ಚೆನ್ನಾಗಿ ಹಾರುತ್ತಿತ್ತು.

ಆಗ ಟ್ರಂಕು ಕಿರ್ರ್ ಅಂದಿತು. ರಾಣಿ ಎದ್ದು ನಿಂತಿದ್ದಳು.

“ನಿಲ್ಲಿಸ್ರೋ ಬಾಯಿ! ನನ್ನ ಗಂಡನ್ನ ಬಯ್ಯೋಕೆ ನಾನಿದ್ದೀನಿ! ನೀವ್ಯಾರ್ರೋ?”

“ಅಮ್ಮಣ್ಣೀ, ನಾವು ಬ್ಯಾಟರಿಗೆ...” ಅಂದ ಸಿದ್ದಶೆಟ್ಟಿ.

“ಬ್ಯಾಟರಿಗೆ ಸಂಬಂಧ ಇಲ್ಲದ್ದೆಲ್ಲ ಬೈದ್ರಿ! ನಾನೇನು ಕಿವುಡೀನಾ?”

ಊರು ಬಾಯಿ ಮುಚ್ಚಿತು. ರಾಜ ಹೆಂಡತಿಯನ್ನು ನೋಡಿದ. “ಭಲೆ ನನ್ನ ಚಿನ್ನಾ!” ಅಂದುಬಿಟ್ಟ.

ಅಂದದ್ದು ರಾಣಿಗೆ. ತಗೊಂಡಿದ್ದು ಬ್ಯಾಟರಿ.

ರಾಜನ ಬಾಯಲ್ಲಿ ಚಿನ್ನ ಅನ್ನಿಸಿಕೊಂಡರೆ ಯಾರು ತಾನೇ ತಡೆದಾರು? ಬ್ಯಾಟರಿ ಕುಂಬಳಕಾಯಿಯಷ್ಟು ಉಬ್ಬಿತು. ಡ್ರೋನು ವಾಲಿತು. ರಾಜನ ಕೂದಲಿಗೆ ತಾಗುವಷ್ಟು ಕೆಳಗೆ ಬಂತು. ಬೇರೆಯವನಾಗಿದ್ದರೆ ಕೈಬಿಟ್ಟು ಓಡುತ್ತಿದ್ದ. ನಾನು ಆ ಕ್ಷಣದಲ್ಲೇ ಫೋಟೋ ಹೊಡೆದೆ. ಡ್ರೋನು ರಾಜನ ಮಡಿಲಿಗೆ ಬಿತ್ತು. ಮಡಿಲು ತಲೆಗಿಂತ ಕೆಳಗೇ ಇರುವುದರಿಂದ ಕಾನೂನಿಗೆ ತೊಂದರೆಯಾಗಲಿಲ್ಲ.

ಎಲ್ಲರೂ ನನ್ನ ಫೋನಿಗೆ ಮುತ್ತಿದರು.

“ಒಂದೋ? ಎರಡೋ?” ಅಂದ ರಾಜ.

ನಾನು ನೋಡಿದೆ. ಇನ್ನೊಂದು ಸಲ ನೋಡಿದೆ. ಡ್ರೋನಿಗೆ ರೆಕ್ಕೆ ನಾಲ್ಕು. ನಾಲ್ಕೂ ರೆಕ್ಕೆಯ ಗಾಳಿ ರಾಜನ ಕೂದಲನ್ನು ನಾಲ್ಕು ಕಡೆ ತಿರುವಿತ್ತು.

“ನಾಲ್ಕು ಬುದ್ಧೀ” ಅಂದೆ.

ದೇವಾಜಮ್ಮಣ್ಣಿಯ ಕೈಯಿಂದ ಹುರಿಗಡಲೆ ಬಿತ್ತು.

“ಅದು ಗಾಳಿಗೆ ಆಗಿದ್ದು” ಅಂತ ಕೂಗಿ ಹೇಳಿದೆ. ಆಗಲೇ ನನ್ನ ಬಾಯಿ ಒಣಗುತ್ತಿತ್ತು.

“ಗಾಳಿ ಬರೆದರೂ ಹಣೆಬರಹ ಹಣೆಬರಹವೇ” ಅಂದ ಅಪ್ರಮೇಯಯ್ಯ. “ನಾಲ್ಕು ಸುಳಿ, ನಾಲ್ಕು ಮದುವೆ.”

ಎಲ್ಲರೂ ರಾಣಿಯನ್ನು ನೋಡಿದರು. ರಾಣಿ ಟ್ರಂಕಿನ ಹಿಡಿ ಹಿಡಿದಳು. ಎತ್ತಲಿಲ್ಲ. ಆಮೇಲೆ ಸೋದರತ್ತೆಯನ್ನು ಕೇಳಿದಳು.

“ಅತ್ತೇ, ಸುಳಿ ಮದುವೆ ಎಷ್ಟು ಅಂತ ಹೇಳ್ತದೆ. ಹೆಣ್ಣು ಎಷ್ಟು ಅಂತ ಹೇಳ್ತದಾ?”

“ಇಲ್ಲ ಕಣವ್ವ. ಅಷ್ಟೆಲ್ಲ ಹೇಳಲ್ಲ.”

“ಹಂಗಾದ್ರೆ ಒಂದಾಗಿದೆ, ಮೂರು ಬಾಕಿ. ಮೂರೂ ನನ್ನ ಜೊತೆಗೇ ಆಗ್ಲಿ. ಏನ್ರೀ?”

“ಈಗಲೇ ಆಗ್ಲಿ” ಅಂದ ರಾಜ. ಅವನಿಗೆ ಮದುವೆಗಿಂತ ಊಟದ ಮೇಲೆ ಕಣ್ಣಿತ್ತು.

ಟ್ರಂಕಿನ ಸೀರೆಗಳು ಹೊರಗೆ ಬಂದವು. ಒಲೆ ಹತ್ತಿತು. ಒಂದರ ಹಿಂದೆ ಒಂದು ಮೂರು ಮದುವೆಯಾದವು. ತಾಳಿ ಕಟ್ಟಿದ ಮೇಲೆ ಮೂರು ಸಲವೂ ರಾಣಿ ನೆಟ್ಟಗೆ ನಿಂತು ರಾಜನ ನೆತ್ತಿಯ ಮೇಲೆ ಅಕ್ಕಿ ಸುರಿದಳು. ಕಾನೂನು ಏನು ಹೇಳುತ್ತದೆ ಅಂತ ಯಾರೂ ಕೇಳಲಿಲ್ಲ. ಗಂಡ ಹೆಂಡತಿ ಉಂಡರು, ಮಲಗಿದರು, ಜಗಳ ಮುಗಿಯಿತು.

ಒರಿಜಿನಲ್ ಬ್ಯಾಟರಿ ಡಬ್ಬಿಯೊಳಗೆ ಕೂತು ಅಪ್‌ಡೇಟಿಗೆ ಕಾಯುತ್ತಲೇ ಇದೆ. ಥರ್ಡ್ ಪಾರ್ಟಿ ಬ್ಯಾಟರಿ ಮೂರು ಮದುವೆಯಲ್ಲೂ ಹೊಗಳಿಸಿಕೊಂಡು ಲೋಡುದಿಂಬಿನಷ್ಟು ದಪ್ಪವಾಯಿತು. ಬೀಗರು ಅದಕ್ಕೆ ಒರಗಿ ಕೂತರು.

ನನ್ನ ಪಂದ್ಯದ ತೀರ್ಪು ಮಂತ್ರಿ ಕೊಟ್ಟ. “ಪ್ರಶ್ನೆ ಇದ್ದದ್ದು ಒಂದೋ ಎರಡೋ ಅಂತ. ಇವನು ನಾಲ್ಕು ಅಂದ. ಒಂದೂ ಅನ್ನಲಿಲ್ಲ, ಎರಡೂ ಅನ್ನಲಿಲ್ಲ. ಆದ್ದರಿಂದ ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ಬಾಯಿ ಅವನ ಹತ್ರವೇ ಇರಲಿ. ಆನೆ ನಮ್ಮ ಹತ್ರವೇ ಇರಲಿ.”

ಹೊರಡುವಾಗ ನಾನು ಆನೆಯನ್ನು ನೋಡಿದೆ. ಆನೆಯೂ ನನ್ನನ್ನು ನೋಡಿತು. ನನ್ನ ಜೊತೆ ಬರುವ ಆಸೆ ಅದಕ್ಕೆ ಬಹಳ ಇತ್ತು. ಆ ವಿಷಯದಲ್ಲಿ ನಾನು ಸುಳ್ಳು ಹೇಳಲ್ಲ.

ಈ ಕತೆಗೆ ನೀತಿ ಬೇಕೇ ಬೇಕು ಅನ್ನೋರು ಕೇಳಿ: ಒರಿಜಿನಲ್ ಬ್ಯಾಟರಿ ಕೊಂಡರೆ ಗೋತ್ರ ಕೇಳಬೇಡಿ, ಬೇರೆಯದು ಕೊಂಡರೆ ಹೊಗಳಬೇಡಿ. ಅವರ ಮದುವೆ ಅವರಿಗಾಯಿತು, ನಮ್ಮ ಬೈಗುಳ ನಮಗುಳಿಯಿತು, ಕತೆ ಕಾಲು ಚಾಚಿ ಮಲಗಿತು.

ಕೊನೆಗೆ ನನಗೆ ಕೊಟ್ಟಿದ್ದು, ಮದುವೆಗೆ ಬಂದವರಿಗೆಲ್ಲ ಕೊಟ್ಟ ಹಾಗೆ, ಒಂದು ತಾಂಬೂಲದ ಚೀಲ. ಅದರಲ್ಲಿ ಒಂದು ತೆಂಗಿನಕಾಯಿ ಇತ್ತು.