ಹೊಳೆಯ ಈ ದಡದವರು ‘ಹ’ ಬಿಟ್ಟದ್ದು

ಆಗ ಲೋಕ ಇನ್ನೂ ಹಸಿ. ಬೆಟ್ಟಗಳ ಮೈ ಆರಿರಲಿಲ್ಲ. ಹೊಳೆ ತನ್ನ ದಾರಿಯನ್ನು ಆಗಷ್ಟೇ ಕಲಿಯುತ್ತಿತ್ತು.

ಹೊಳೆಯ ಈ ದಡದಲ್ಲೊಂದು ಊರು, ಆ ದಡದಲ್ಲೊಂದು ಊರು. ಎರಡೂ ಊರಿಗೆ ಒಂದೇ ಮಾತು. ಈ ದಡದಲ್ಲಿ ಹಾಲು ಅಂದರೆ ಆ ದಡದಲ್ಲೂ ಹಾಲು. ಈ ದಡದಲ್ಲಿ ಹೂವು ಅಂದರೆ ಆ ದಡದಲ್ಲೂ ಹೂವು. ಇಲ್ಲಿ ನಿಂತು ಕೂಗಿದರೆ ಅಲ್ಲಿಯವರು ಓಗೊಡುತ್ತಿದ್ದರು.

ಹುಟ್ಟಿದ ಕೂಸಿಗೆಲ್ಲ ಉಸಿರು ತಂದುಕೊಡುವುದು ಆಗ ಗಾಳಿಯ ಕೆಲಸ. ಈ ದಡದ ಸಾಕವ್ವನಿಗೆ ಮಗಳು ಹುಟ್ಟಿದ ದಿನ ಗಾಳಿ ಏದುತ್ತಾ ಬಂತು. ಕಡಲಿನ ಮೇಲೆ ಮೋಡ ನೂಕಿ ನೂಕಿ ಅದು ದಣಿದುಹೋಗಿತ್ತು. ತನ್ನಲ್ಲಿ ಉಳಿದದ್ದನ್ನೆಲ್ಲ ಕೂಸಿನ ಮೂಗಿಗೆ ಊದಿತು. ಉಳಿದದ್ದೇ ಸ್ವಲ್ಪ.

ಕೂಸಿಗೆ ಹೊನ್ನಿ ಅಂತ ಹೆಸರಿಟ್ಟರು.

ಹೊನ್ನಿ ಬೆಳೆದಳು, ಆದರೆ ಮೈ ತುಂಬಲಿಲ್ಲ. ಬೇರೆ ಮಕ್ಕಳು ಹೊಳೆಗೆ ಓಡಿದರೆ ಇವಳು ಜಗಲಿಯ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಇವಳಿಗೆ ಮಾತೇ ಆಟ. ಇರುವೆಯ ಜೊತೆ ಮಾತು, ಕೋಳಿಯ ಜೊತೆ ಮಾತು, ದೂರದಲ್ಲಿ ಹರಿಯುವ ಹೊಳೆಯ ಜೊತೆಗೂ ಮಾತು.

‘ಹ’ ಮಾತ್ರ ಅವಳ ಬಾಯಿಗೆ ಬರಲಿಲ್ಲ. ಹಾಲಿಗೆ ‘ಆಲು’ ಅನ್ನುವಳು. ಹೂವಿಗೆ ‘ಊವು’ ಅನ್ನುವಳು. ತನ್ನ ಹೆಸರನ್ನೇ ‘ಒನ್ನಿ’ ಅನ್ನುವಳು. ಒಂದು ದಿನ ಮರ ತೋರಿಸಿ, “ಅಕ್ಕಿ ಆರೋಯ್ತು!” ಅಂದಳು.

“ಅಕ್ಕಿಗೆ ರೆಕ್ಕೆ ಬಂತಂತೆ ಕಣ್ರೋ!” ಅಂತ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ಅದನ್ನು ಮಾರಜ್ಜ ಕೇಳಿಸಿಕೊಂಡ. ಊರಿನ ಮರಗಿಡಗಳಿಗೆಲ್ಲ ಹೆಸರಿಟ್ಟ ಹಿರಿಯ ಅವನು. ಹೊನ್ನಿಯನ್ನು ಕಂಡರೆ ಅವನಿಗೂ ಪ್ರೀತಿಯೇ. ಪಕ್ಕದಲ್ಲಿ ಕೂರಿಸಿಕೊಂಡು, “ಹಕ್ಕಿ ಅನ್ನವ್ವ. ಹ... ಹ...” ಅಂದ.

ಹೊನ್ನಿ ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ‘ಹ’ ಅನ್ನಲು ನೋಡಿದಳು. ಕೆಮ್ಮು ಬಂತು. ತುಟಿ ನೀಲಿಯಾಯಿತು. ಅಜ್ಜ ಗಾಬರಿಯಿಂದ ಬೆನ್ನು ಸವರಿದ.

ಅಂದಿನಿಂದ ಹೊನ್ನಿ ಮಾತು ಬಿಟ್ಟಳು. ಹಾಲು ಬೇಕಾದರೆ ಕೈ ತೋರಿಸುವಳು. ಕೋಳಿ ಬಂದು, “ಯಾಕವ್ವ ಮಾತಿಲ್ಲ?” ಅಂದರೂ ತಲೆ ತಗ್ಗಿಸುವಳು.

ಸಾಕವ್ವ ಹೊಳೆದಂಡೆಗೆ ಹೋಗಿ ಗಾಳಿಯನ್ನು ಕರೆದಳು. “ನನ್ನ ಮಗಳಿಗೆ ಏನಾಯ್ತು ಹೇಳು.”

ಗಾಳಿ ತಗ್ಗಿದ ದನಿಯಲ್ಲಿ ಹೇಳಿತು. “ಸಾಕವ್ವ, ‘ಹ’ ಬರೀ ಸದ್ದಲ್ಲ, ಉಸಿರು. ನೀವೆಲ್ಲ ಎಷ್ಟು ಸಲ ಅಂದರೂ ನಡೆಯುತ್ತೆ. ಅವಳ ಹತ್ತಿರ ಅಷ್ಟಿಲ್ಲ.”

“ಹಾಗಾದ್ರೆ ಇನ್ನೊಂದಿಷ್ಟು ಊದು.”

“ಒಂದು ಸಲ ಊದಿದ ಮೇಲೆ ಮತ್ತೆ ಊದೋಕೆ ಆಗಲ್ಲ ತಾಯಿ. ಆಗೋ ಹಾಗಿದ್ದಿದ್ರೆ ನೀನು ಬಂದು ಕೇಳೋವರೆಗೂ ಕಾಯ್ತಿದ್ನಾ?”

ಸಾಕವ್ವ ಮನೆಗೆ ಬಂದಳು. ಬಟ್ಟಲು ತುಂಬಿ ಮಗಳ ಮುಂದೆ ಹಿಡಿದಳು. “ತಗೋ ಮಗಳೇ, ಆಲು ಕುಡಿ.”

ಹೊನ್ನಿ ತಟ್ಟನೆ ತಲೆಯೆತ್ತಿದಳು. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟಳು. “ಅವ್ವಾ, ನಿಂಗೂ ಬರಲ್ವಾ?”

“ಇಲ್ಲ ಕಣವ್ವ. ನಂಗೂ ಬರಲ್ಲ.”

ಅಕ್ಕಪಕ್ಕದ ಹೆಂಗಸರಿಗೆ ವಿಷಯ ಗೊತ್ತಾಯಿತು. ಅವರೂ ‘ಹ’ ಬಿಟ್ಟರು. ತಮ್ಮ ಮಕ್ಕಳ ಬಾಯಲ್ಲೂ ಬಿಡಿಸಿದರು. ಮಾರಜ್ಜನಿಗೆ ಮಾತ್ರ ಸಿಟ್ಟು ಬಂತು. “ಹಿಂಗೆ ಮಾತು ಕೆಡಿಸಿಕೊಂಡ್ರೆ ಆ ದಡದವರು ಏನಂದಾರು?”

“ಅನ್ನಲಿ ಬುಡಜ್ಜ,” ಅಂದಳು ಸಾಕವ್ವ. “ಮಾತು ನೆಟ್ಟಗಿದ್ದು, ಆಡೋ ಮಗು ಮೂಗಾಗಿ ಕುಂತ್ರೆ, ಆ ಮಾತು ಯಾರಿಗಜ್ಜ?”

ಅಜ್ಜ ಎದ್ದುಹೋದ. ಮಾರನೆಯ ಬೆಳಿಗ್ಗೆ ಕೋಲೂರಿಕೊಂಡು ಜಗಲಿಯ ಮುಂದೆ ಬಂದು ನಿಂತ. ಗಂಟಲು ಸರಿಮಾಡಿಕೊಂಡ. “ಒನ್ನೀ, ಈ ಅಜ್ಜಂಗೊಂದು ಊವು ಕೊಡವ್ವ.”

ಹೊನ್ನಿ ನಕ್ಕಳು. ಆಮೇಲೆ ತಡೆಯೇ ಇಲ್ಲ. ಕಟ್ಟಿಟ್ಟ ಮಾತೆಲ್ಲ ಹರಿದುಬಂತು. “ನನ್ನನ್ನೂ ‘ಒಳೆ’ ಅಂತಲೇ ಕರೀರಿ,” ಅಂತ ಹೊಳೆಯೂ ಹೇಳಿತಂತೆ. ಆ ಬೇಸಿಗೆ ಪೂರ್ತಿ, ಆ ಮಳೆಗಾಲ ಪೂರ್ತಿ ಊರಿಗೆಲ್ಲ ಅವಳದೇ ದನಿ.

ಆದರೆ ಉಸಿರು ಇದ್ದದ್ದೇ ಸ್ವಲ್ಪ. ಮಂಜು ಬೀಳುವ ಕಾಲಕ್ಕೆ ಹೊನ್ನಿ ಹಾಸಿಗೆ ಹಿಡಿದಳು. ಗಾಳಿ ಬಾಗಿಲ ಹೊರಗೇ ಕೂತಿತು. ಒಳಗೆ ಬರುವ ಧೈರ್ಯ ಅದಕ್ಕಿರಲಿಲ್ಲ.

“ಗಾಳಿ ಯಾಕವ್ವ ಅಳ್ತಾ ಐತೆ?”

“ಅದು ತಂಗಾಳಿ ಕಣವ್ವ. ಮಲಕ್ಕೋ.”

ಅವಳು ಮಲಗಿದಳು. ಮತ್ತೆ ಏಳಲಿಲ್ಲ.

ಸಾಕವ್ವ ಹೊಳೆದಂಡೆಗೆ ಓಡಿದಳು. ಆ ದಡದವರಿಗೆ ಕೇಳುವಂತೆ, “ಒನ್ನಿ ಓದ್ಲೂ... ನನ್ನ ಒನ್ನಿ ಓದ್ಲೂ...” ಅಂತ ಕೂಗಿದಳು.

ಆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕಿವಿಗೊಟ್ಟರು. “ಓಡಿದ್ಲಾ? ಮಗು ಎಲ್ಲಿಗೆ ಓಡಿದ್ಲು? ತಡಿಯವ್ವ, ಹುಡುಕೋಕೆ ನಾವೂ ಬರ್ತೀವಿ!”

ಅವರು ತೆಪ್ಪ ಹತ್ತಿ ಬಂದೇಬಿಟ್ಟರು. ಕೋಲು ಹಿಡಿದು ಪೊದೆಪೊದೆ ತಡಕಿದರು. “ಮಗೂ, ಹೆದರಬ್ಯಾಡ, ಹೊರಗೆ ಬಾ,” ಅಂತ ಕರೆದರು. ಈ ದಡದವರಿಗೆ ಅವರನ್ನು ತಡೆದು ಹೇಳಲು ಬಾಯಿ ಬರಲಿಲ್ಲ. ಮಣ್ಣು ಮಾಡಲು ಗುಂಡಿ ತೋಡುತ್ತಿದ್ದ ಜಾಗಕ್ಕೆ ಬಂದಾಗ ಅವರಿಗೇ ತಿಳಿಯಿತು. ಕೋಲು ಕೆಳಗಿಟ್ಟು ಸಾಕವ್ವನ ಪಕ್ಕ ಕೂತರು.

ಕೆಲವು ದಿನ ಕಳೆದ ಮೇಲೆ ಗಾಳಿ ಮತ್ತೆ ಬಂತು. “ನೀವು ಬಿಟ್ಟ ‘ಹ’ಗಳೆಲ್ಲ ನನ್ನ ಹತ್ತಿರ ಇವೆ. ಇನ್ನು ಯಾರಿಗಾಗಿ ಬಿಡಬೇಕು? ವಾಪಸ್ ತಗೊಳ್ಳಿ.”

ಎಲ್ಲರೂ ಮಾರಜ್ಜನ ಮುಖ ನೋಡಿದರು. ಅಜ್ಜ ‘ಹೊನ್ನಿ’ ಅನ್ನಲು ಬಾಯಿ ತೆರೆದ. ತೆರೆದವನು ಹಾಗೇ ಮುಚ್ಚಿದ.

“ಬ್ಯಾಡಪ್ಪ,” ಅಂದ. “ಆ ಎಸ್ರು ಕೂಗಿದ್ರೆ ಅದ್ಯಾರೋ ಬ್ಯಾರೆ ಮಗು ಅನ್ಸುತ್ತೆ. ನಮ್ಮವಳು ಒನ್ನಿ.”

ಗಾಳಿ ಹೊರಟುಹೋಯಿತು.

ಆಮೇಲೆ ಮಾರಜ್ಜನೂ ಹೋದ, ಸಾಕವ್ವನೂ ಹೋದಳು. ಆ ಮಗುವನ್ನು ಕಂಡವರೆಲ್ಲ ಒಬ್ಬೊಬ್ಬರಾಗಿ ಹೋದರು. ಈ ದಡದ ಮಕ್ಕಳು ಅವ್ವಂದಿರ ಬಾಯಿಂದ ಮಾತು ಕಲಿತರು. ಯಾಕೆ ಹಾಗೆ ಅಂತ ಯಾರೂ ಕೇಳಲಿಲ್ಲ. ಆ ದಡದವರ ಮನೆಯಲ್ಲಿ ಹೊನ್ನಿ ಬೆಳೆದಿರಲಿಲ್ಲ, ಅವರು ಮೊದಲಿನಂತೆಯೇ ಆಡಿದರು. ಇನ್ನೊಂದು ಊರಿನಲ್ಲಿ ಮಾತನ್ನು ಎಳೆದು ಆಡುತ್ತಾರೆ, ಮತ್ತೊಂದರಲ್ಲಿ ನುಂಗಿ ಆಡುತ್ತಾರೆ. ಅಲ್ಲಿ ಯಾರಿದ್ದರೋ, ಏನಾಯಿತೋ, ನನಗೆ ತಿಳಿಯದು.

ಅದಕ್ಕೇ ಮಗು, ಇವತ್ತಿಗೂ ಹೊಳೆ ದಾಟಿದರೆ ಅದೇ ಮಾತು ಬೇರೆಯಾಗಿ ಕೇಳಿಸುತ್ತದೆ.